ಆಯಿಯ ರಕ್ತಪರೀಕ್ಷೆಯ ತಯಾರಿ

ಡಾಕ್ಟರರ ಮುಂದೆ ಕುಳಿತಾಗ ನನ್ನ ಆಯಿಯಷ್ಟು ಆರೋಗ್ಯವಂತ ಹೆಂಗಸು ಇಡೀ ಕಲಬುರ್ಗಿ ಜಿಲ್ಲೆಯಲ್ಲಿ ಇನ್ನೊಬ್ಬಳಿರಲಿಲ್ಲ. ಬೆನ್ನು ನೆಟ್ಟಗೆ, ಸೆರಗು ಭುಜದ ತುಂಬ, ಮುಖದ ಮೇಲೆ ನಗು. "ಹ್ಯಾಂಗಿದ್ದೀರಿ ಅಮ್ಮಾ?" ಎಂದು ಅವರು ಕೇಳುವುದೇ ತಡ, "ಆರಾಮ ಇದ್ದೀನ್ರೀ ಡಾಕ್ಟರ್, ನಿಮ್ಮ ಗುಳಗಿ ಅಮೃತ ಆಗ್ಯಾವ" ಎಂದು ಶುರು ಮಾಡುತ್ತಿದ್ದಳು. ಹತ್ತು ದಿನದ ಹಿಂದಷ್ಟೇ ತಂಬಿಗೆ ಹಿಡಿಯಲಾಗದೆ ಅಡುಗೆಮನೆಯ ತುಂಬ ನೀರು ಚೆಲ್ಲಿ, ಬಗ್ಗಿ ಒರೆಸಲೂ ಆಗದೆ ಗೋಡೆಗೆ ಆತು ನಿಂತಿದ್ದವಳು ಇವಳೇ ಎಂದರೆ ಯಾರು ನಂಬಬೇಕು? ಪಕ್ಕದ ಕುರ್ಚಿಯಲ್ಲಿ ಕುಳಿತ ನನಗೆ ಮೈಯೆಲ್ಲ ಉರಿದುಹೋಗುತ್ತಿತ್ತು.

ನಮ್ಮದು ಅರ್ಧ ಕನ್ನಡ, ಅರ್ಧ ಮರಾಠಿ ಆಡುವ ವೈಷ್ಣವರ ಮನೆ. ಅಮ್ಮನನ್ನು ಆಯಿ ಎಂದೇ ಕರೆದು ರೂಢಿ. ಎಂಬತ್ತರ ದಶಕ ಮುಗಿಯುತ್ತ ಬಂದಾಗ ಅಪ್ಪ ತೀರಿಕೊಂಡರು. ನಾನು ಒಬ್ಬಳೇ ಮಗಳು. ಕಮಲಾಪುರದ ಶಾಲೆಯಲ್ಲಿ ಶಿಕ್ಷಕಿಯಾಗಿದ್ದೆ (ನಮ್ಮ ಕಡೆ ಶಿಕ್ಷಕಿಯನ್ನು ಬಾಯಿ ಎಂದು ಕರೆಯುತ್ತಾರೆ), ಅಲ್ಲೇ ಎರಡು ಕೋಣೆಯ ಬಾಡಿಗೆ ಮನೆ ಹಿಡಿದಿದ್ದೆ. ಆಯಿಯನ್ನು ಅಲ್ಲಿಗೇ ಕರೆದುಕೊಂಡು ಹೋದೆ. ಹೋದ ಕೆಲವೇ ತಿಂಗಳಲ್ಲಿ ಅವಳ ಬೆರಳಿನ ಗೆಣ್ಣುಗಳು ಬಾತುಕೊಂಡವು. ಬೆಳಿಗ್ಗೆ ಎದ್ದರೆ ಮುಷ್ಟಿ ಕಟ್ಟಲು ಬರುತ್ತಿರಲಿಲ್ಲ, ಮಧ್ಯಾಹ್ನದ ಹೊತ್ತಿಗೆ ಸ್ವಲ್ಪ ಸಡಿಲವಾಗುತ್ತಿತ್ತು. ನಸುಕಿನಲ್ಲಿ ತಣ್ಣೀರಿನ ಮಡಿ ಸ್ನಾನ ಮಾತ್ರ ಬಿಡಲೊಲ್ಲಳು. ಸ್ನಾನ ಮಾಡಿ ಬಂದಾಗ ಅವಳ ಬೆರಳ ತುದಿಗಳು ರಕ್ತವೇ ಇಲ್ಲದ ಹಾಗೆ ಬೆಳ್ಳಗಾಗಿರುತ್ತಿದ್ದವು.

ನಮ್ಮ ಕಡೆಯ ಜನಕ್ಕೆ ರೋಗ ಯಾವುದೆಂದು ಗೊತ್ತಾಗುವ ಮೊದಲೇ ಔಷಧ ಗೊತ್ತಿರುತ್ತದೆ. ಎದುರುಮನೆಯವರು ವಾತ ಎಂದರು, ಬದನೆಕಾಯಿ ಬಿಡಿಸಿದರು. ಹಿಂದಿನ ಮನೆಯವರು ಎಕ್ಕದ ಎಲೆ ಕಾಯಿಸಿ ಕಟ್ಟಿದರು. ಶಾಲೆಯ ಹಿರಿಯ ಮಾಸ್ತರರು ಯಾರದೋ ಎಣ್ಣೆ ತಂದುಕೊಟ್ಟರು, ಅದನ್ನು ಹಚ್ಚಿದ ದಿನ ಮನೆಯೊಳಗೆ ನಾವು ಕೂಡಲಾಗಲಿಲ್ಲ. ಬೇಸಿಗೆ ಬಂತು. ಒಂದು ದಿನ ಸಂಡಿಗೆ ಇಡಲೆಂದು ಮಾಳಿಗೆ ಹತ್ತಿದ ಆಯಿ ಇಳಿದು ಬಂದಾಗ ಮೂಗಿನ ಮೇಲಿಂದ ಎರಡೂ ಗಲ್ಲಕ್ಕೆ ಕೆಂಪು ಹರಡಿತ್ತು. ಸಂಜೆಗೆ ಜ್ವರ. ವಾರದೊಳಗೆ ಬಾಯಿತುಂಬ ಹುಣ್ಣು, ಬಾಚಣಿಗೆ ತುಂಬ ಕೂದಲು. ಆಗ ಎಲ್ಲರ ಔಷಧವನ್ನೂ ಕಿಟಕಿಯಿಂದ ಎಸೆದು ಅವಳನ್ನು ಕಲಬುರ್ಗಿಯ ಬಸ್ಸು ಹತ್ತಿಸಿದೆ.

ಆ ಡಾಕ್ಟರರು ಹೊರಗೆಲ್ಲೋ ಕಲಿತು ಊರಿಗೆ ಮರಳಿದವರು. ಸಣ್ಣ ದವಾಖಾನೆ, ಪಕ್ಕದ ಕೋಣೆಯಲ್ಲೇ ರಕ್ತ ನೋಡುವ ವ್ಯವಸ್ಥೆ. ರೋಗದ ಹೆಸರು ಲೂಪಸ್ ಎಂದರು. "ಮೈಯೊಳಗ ಬಿಳಿ ಕಣ ಅಂತ ಇರ್ತಾವ್ರೀ. ಹೊರಗಿನ ರೋಗ ಬಂದ್ರ ಹಿಡದು ಕೊಲ್ಲೋದು ಅವುಗಳ ಕೆಲಸ. ಈ ರೋಗದಾಗ ಅವಕ್ಕ ತಮ್ಮವರು ಯಾರು, ಹೊರಗಿನವರು ಯಾರು ತಿಳಿಯಂಗಿಲ್ಲ. ಮನಿ ನಾಯಿ ಮನಿಯವ್ರಿಗೇ ಕಚ್ಚಿದಂಗ. ಇವತ್ತು ಕೀಲು, ನಾಳೆ ಚರ್ಮ. ಅಲ್ಲೀತನಕ ತಡಕೋಬಹುದು. ಕಿಡ್ನಿಗೆ ಬಾಯಿ ಹಾಕಿದ್ರ ಮಾತ್ರ ನಮ್ಮ ಕೈ ಮೀರ್ತದ. ಅದಕ್ಕ ಈ ಗುಳಗಿ. ದಿನಕ್ಕ ನಾಕು, ಊಟ ಆದ ಮ್ಯಾಲೆ, ಒಂದು ದಿನಾನೂ ತಪ್ಪಬಾರದು." ಇಷ್ಟನ್ನು ನನ್ನ ಮುಖ ನೋಡಿ ಹೇಳಿ, ಆಮೇಲೆ ಆಯಿಯ ಕಡೆ ತಿರುಗಿ, "ಅಮ್ಮಾ, ಬಿಸಿಲಿಗೆ ಹೋಗಬ್ಯಾಡ್ರಿ" ಎಂದರು.

ಬಿಸಿಲಿಗೆ ಹೋಗಬೇಡಿ! ಕಲಬುರ್ಗಿಯಲ್ಲಿ! ಇಲ್ಲಿ ಬಿಸಿಲಿಗೆ ಯಾರೂ ಹೋಗುವುದಿಲ್ಲ, ಬಿಸಿಲೇ ಮನೆಯೊಳಗೆ ಬಂದು ಕೂಡುತ್ತದೆ. ಏಪ್ರಿಲ್ ತಿಂಗಳಲ್ಲಿ ಅವಳಿಗೆ ಕೊಡೆ ಹಿಡಿದು ಬಸ್ ಸ್ಟ್ಯಾಂಡಿಗೆ ಕರೆದೊಯ್ದರೆ, ಮಳೆ ಎಲ್ಲಿದೆ ಎಂದು ದಾರಿಯಲ್ಲಿ ಹೋಗುವವರು ಕೇಳುತ್ತಿದ್ದರು. ಮೊದಮೊದಲು ಉತ್ತರ ಕೊಟ್ಟೆ, ಆಮೇಲೆ ಗುರಾಯಿಸಿ ನೋಡುವುದನ್ನು ಕಲಿತೆ.

ಆದರೆ ಗುಳಿಗೆ ಕೆಲಸ ಮಾಡಿತು, ಸುಳ್ಳು ಹೇಳಬಾರದು. ಮೂರು ತಿಂಗಳಲ್ಲಿ ಆಯಿ ಮತ್ತೆ ಹಿಟ್ಟು ನಾದತೊಡಗಿದಳು, ಬಾಯಿಯ ಹುಣ್ಣು ಮಾಯ್ದವು. ಗುಳಿಗೆಯ ಗುಣದಿಂದ ಮುಖ ದುಂಡಗಾಯಿತು, ಗಲ್ಲ ಉಬ್ಬಿ ಕಣ್ಣು ಸಣ್ಣಗೆ ಕಾಣತೊಡಗಿದವು. ಅದು ಹಾಗೇ, ಹೆದರಬೇಡಿ, ಪ್ರಮಾಣ ಇಳಿಸಿದಾಗ ಮುಖವೂ ಇಳಿಯುತ್ತದೆ ಎಂದು ಡಾಕ್ಟರರು ಮೊದಲೇ ಹೇಳಿದ್ದರು. ನನಗಂತೂ ಆ ದುಂಡು ಮುಖ ನೋಡಿದರೆ ಸಮಾಧಾನವಾಗುತ್ತಿತ್ತು. ತಿಂಗಳಿಗೊಂದು ಭಾನುವಾರ ತೋರಿಸಲು ಹೋಗುತ್ತಿದ್ದೆವು. ಶನಿವಾರ ಸಂಜೆಯೇ ಹೊರಟು, ಶರಣಬಸವೇಶ್ವರ ಗುಡಿಯ ಹತ್ತಿರ ಇದ್ದ ಕಾಕಾನ ಮನೆಯಲ್ಲಿ ಉಳಿದು, ಬೆಳಿಗ್ಗೆ ದವಾಖಾನೆಗೆ. ಕಾಕಾ ಎಂದರೆ ಅಪ್ಪನ ತಮ್ಮ. ಅವರ ಹೆಂಡತಿ ಕಾಕು, ಆಯಿಯನ್ನು ಅಕ್ಕಾ ಎನ್ನುವವರು, ಬಾಯಿ ಜೋರು, ಕೈ ಧಾರಾಳ. ಹೋದವರಿಗೆ ತಿನ್ನಿಸದೆ ಬಿಡುತ್ತಿರಲಿಲ್ಲ.

ವಿಚಿತ್ರ ಶುರುವಾಗಿದ್ದು ಆಮೇಲೆ. ದವಾಖಾನೆಯಿಂದ ಬಂದ ವಾರದೊಳಗೆ ಆಯಿಯ ಗೆಣ್ಣು ಮತ್ತೆ ಬಾಯುತ್ತಿದ್ದವು. ಎರಡನೆಯ ವಾರ ಸೆರಗು ಸರಿಮಾಡಿಕೊಳ್ಳಲು ಕೈ ಏಳುತ್ತಿರಲಿಲ್ಲ. ಮೂರನೆಯ ವಾರ ಗಲ್ಲದ ಕೆಂಪು, ಜ್ವರ, ನರಳಾಟ. ನಾಲ್ಕನೆಯ ವಾರ, ಅಂದರೆ ಡಾಕ್ಟರರ ಭಾನುವಾರ ಹತ್ತಿರ ಬಂದ ಹಾಗೆ, ಯಾರೋ ಕೈಯಿಂದ ಒರೆಸಿದ ಹಾಗೆ ಎಲ್ಲವೂ ಮಾಯ. ಶನಿವಾರ ತಾನೇ ಚೀಲ ತೂಗುಹಾಕಿಕೊಂಡು ಬಸ್ಸು ಹತ್ತುತ್ತಿದ್ದಳು. ಚೀಲದಲ್ಲಿ ಡಾಕ್ಟರರಿಗೆಂದು ಕಮಲಾಪುರದ ಕೆಂಪು ಬಾಳೆಹಣ್ಣು.

ಆ ಕಡೆಯ ವಾರದ ತಯಾರಿಯನ್ನು ನೋಡಬೇಕಿತ್ತು. ಸೋಮವಾರದಿಂದ ತಣ್ಣೀರು ಮುಟ್ಟುತ್ತಿರಲಿಲ್ಲ. ಮಡಿಗೂ ಬಿಸಿನೀರೇ ನಡೆಯುತ್ತಿತ್ತು, ಆ ವಾರ ದೇವರು ಮಾಫಿ ಕೊಡುತ್ತಿದ್ದ. ಕುಸುಬಿ ಎಣ್ಣೆ ಹಚ್ಚಿ ಕೈಕಾಲು ತಿಕ್ಕಿಸಿಕೊಳ್ಳುವಳು. ರಕ್ತ ಕೆಂಪಗೆ ಇರಲಿ ಎಂದು ಬೀಟ್‌ರೂಟ್ ತಿನ್ನುವಳು. ಭಾನುವಾರದ ಸೀರೆಯನ್ನು ಗುರುವಾರವೇ ಇಸ್ತ್ರಿಗೆ ಕೊಡುವಳು. "ಏನಿದು ಆಯಿ, ಮ್ಯಾಟ್ರಿಕ್ ಪರೀಕ್ಷಾಕ್ಕ ಕೂಡೂಹಂಗ?" ಎಂದರೆ, "ಮತ್ತ? ರಕ್ತ ಛೊಲೊ ಬರಬೇಕಲ್ಲ? ಅಷ್ಟು ಓದಿದ ಮನಶಾ, ನಮ್ಮ ಸಲುವಾಗಿ ಇಷ್ಟು ಮಾಡ್ತಾನ. ಹೋಗಿ ಅವನ ಮುಂದ ಅಳೂದೇನು?" ಎನ್ನುವಳು. ಅವಳ ಮಟ್ಟಿಗೆ ಡಾಕ್ಟರರ ಹತ್ತಿರ ಹೋಗುವುದೆಂದರೆ ಬೀಗರ ಮನೆಗೆ ಹೋದಷ್ಟು ಮರ್ಯಾದೆಯ ವಿಷಯ. ಅಲ್ಲಿ ಕೆಟ್ಟ ಸುದ್ದಿ ಒಯ್ಯಬಾರದು. ರೋಗ ತೋರಿಸಲೆಂದೇ ಅಲ್ಲಿಗೆ ಹೋಗುವುದು ಎಂದು ನಾನು ಬಾಯಿ ಬಡಿದುಕೊಂಡಿದ್ದೇ ಬಂತು.

ಡಾಕ್ಟರರಿಗಾದರೂ ಹೇಳೋಣವೆಂದರೆ, ಅವರು ಕಾಗದ ನಂಬುವ ಮನುಷ್ಯ. ಆಗೆಲ್ಲ ಈ ರೋಗ ಎಷ್ಟು ಕೆರಳಿದೆ ಎಂದು ತಿಳಿಯಲು ರಕ್ತದಲ್ಲಿ ಒಂದು ಬಗೆಯ ಕಣ ಹುಡುಕುತ್ತಿದ್ದರು. ರಕ್ತ ತೆಗೆದು, ಕೆಲವು ತಾಸು ಇಟ್ಟು, ಗಾಜಿನ ಪಟ್ಟಿಗೆ ಸವರಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವುದು. ರೋಗ ಕೆರಳಿದ್ದರೆ ಬಿಳಿ ಕಣ ಇನ್ನೊಂದು ಕಣದ ತಿರುಳನ್ನೇ ನುಂಗಿ ಕೂತಿರುತ್ತದಂತೆ. ಗುಳಿಗೆ ಬಿದ್ದು ರೋಗ ಅಡಗಿದರೆ ಆ ಕಣ ಸಿಗುವುದಿಲ್ಲ. ಆಯಿಯ ರಕ್ತದಲ್ಲಿ ಪ್ರತಿ ಭಾನುವಾರ ಹುಡುಕಿದರು, ಒಂದೂ ಸಿಗಲಿಲ್ಲ.

"ಇಲ್ರೀ ಡಾಕ್ಟರ್, ನಡುವಿನ ವಾರದಾಗ ಭಾಳ ತ್ರಾಸ ಆಗ್ತದ ಇಕಿಗೆ" ಎಂದು ನಾನು ಹೇಳಿದರೆ, ಅವರು ಆಯಿಯ ಮುಖ ನೋಡುವರು, ಆಯಿ ನನ್ನ ಮುಖ ನೋಡಿ ಪಾಪ ಎನ್ನುವಂತೆ ನಗುವಳು. "ಅಕಿಗೆ ನಂದೇ ಫಿಕರ್ರೀ, ಸಣ್ಣದಕ್ಕೂ ಗಾಬರಿ ಆಗ್ತಾಳ" ಎಂದು ಬೇರೆ ಸೇರಿಸುವಳು. ಒಂದು ಸಲ ಡಾಕ್ಟರರು ಬಹಳ ಮೃದುವಾಗಿ, "ಬಾಯೀ, ಖರೇ ಹೇಳಬೇಕಂದ್ರ ನಿಮ್ಮ ಆಯಿಗಿಂತ ನೀವೇ ಸೊರಗೀರಿ. ನಿಮ್ಮ ರಕ್ತಾನೂ ಒಮ್ಮೆ ನೋಡೋಣೇನು?" ಎಂದರು. ನೋಡಿದರು ಕೂಡ! ನನ್ನ ರಕ್ತ ಕಡಿಮೆ ಇತ್ತು, ಕಬ್ಬಿಣದ ಗುಳಿಗೆ ಬರೆದರು. ರೋಗಿಷ್ಟಳ ಗುಳಿಗೆಯನ್ನು ನಾಲ್ಕರಿಂದ ಮೂರಕ್ಕೆ ಇಳಿಸಿದರು. ಆವತ್ತು ಬಸ್ಸಿನಲ್ಲಿ ಕಮಲಾಪುರ ಮುಟ್ಟುವವರೆಗೂ ನಾನು ಆಯಿಯ ಜೊತೆ ಮಾತಾಡಲಿಲ್ಲ. ಅವಳು ಪರೀಕ್ಷೆ ಪಾಸಾದ ಖುಷಿಯಲ್ಲಿ ಕಿಟಕಿಯಾಚೆ ತೊಗರಿ ಹೊಲ ನೋಡುತ್ತ ಕೂತಿದ್ದಳು.

ಗುಳಿಗೆ ತಪ್ಪಿಸುತ್ತಾಳೋ ಏನೋ ಎಂಬ ಅನುಮಾನ ನನಗೆ ಬರದೆ ಇರಲಿಲ್ಲ. ಆದರೆ ತಿಂಗಳ ಕೊನೆಗೆ ಡಬ್ಬಿ ನೋಡಿದರೆ ಬರಿದಾಗಿರುತ್ತಿತ್ತು. ಅಂದ ಮೇಲೆ ನುಂಗಿದ್ದಾಳೆ ಎಂದುಕೊಳ್ಳದೆ ಇನ್ನೇನು ಮಾಡಬೇಕು? ನಾನು ಶಾಲೆಗೆ ಹೋದ ಮೇಲೆ ಅವಳು ಊಟ ಮಾಡುವುದು, ಗುಳಿಗೆಯೂ ಆಗಲೇ.

ಮಳೆಗಾಲ ಮುಗಿದ ಮೇಲೆ ಒಂದು ಬುಧವಾರ ಬೆಳಿಗ್ಗೆ ಎದ್ದು ನೋಡಿದರೆ ಆಯಿಯ ಮುಖ ಊದಿತ್ತು. ಗಲ್ಲವಲ್ಲ, ಕಣ್ಣಿನ ಸುತ್ತ. ರೆಪ್ಪೆ ತೆರೆಯುವುದೇ ಕಷ್ಟವಾಗಿತ್ತು. ಕಾಲು ಒತ್ತಿದರೆ ಬೆರಳಿನ ಗುಣಿ ಹಾಗೇ ಉಳಿಯುತ್ತಿತ್ತು. ನನಗೆ ಡಾಕ್ಟರರ ಕಿಡ್ನಿಯ ಮಾತು ನೆನಪಾಯಿತು. ಆಯಿ ಮಾತ್ರ ಕನ್ನಡಿ ನೋಡಿ ಸಿಡಿಮಿಡಿಗೊಂಡಳು. "ನೋಡು, ಆ ಸುಡುಗಾಡು ಗುಳಗಿ ಮತ್ತ ಮಾರಿ ಊದಿಸ್ತು. ಅದಕ್ಕ ನಾಲ್ಕು ದಿನದಿಂದ ಆ ಒಂದನ್ನೂ ಬಿಟ್ಟೀನಿ, ಆದ್ರೂ ಇಳಿವಲ್ದು."

"ಆ ಒಂದು ಅಂದ್ರ? ಡಾಕ್ಟರ್ ಮೂರು ಬರದಾರ!"

ಆಗ ಹೊರಬಂತು. ತಿಂಗಳ ಮೊದಲ ಮೂರು ವಾರ ದಿನಕ್ಕೆ ಒಂದೇ ಗುಳಿಗೆ. ಉಳಿಸಿದ್ದನ್ನೆಲ್ಲ ಕೊನೆಯ ವಾರದಲ್ಲಿ ಮುಷ್ಟಿಗಟ್ಟಲೆ. ಹೀಗಾಗಿ ಡಬ್ಬಿಯೂ ಸರಿಯಾಗಿ ಬರಿದಾಗುತ್ತಿತ್ತು, ಭಾನುವಾರದ ರಕ್ತವೂ ಸ್ವಚ್ಛ ಬರುತ್ತಿತ್ತು. ಈಗ ಡಾಕ್ಟರರ ವಾರ ಇನ್ನೂ ದೂರವಿತ್ತು. "ನಡಿ ಕಲಬುರ್ಗಿಗೆ, ಈಗಿಂದೀಗ" ಎಂದೆ. "ಹುಚ್ಚೀ, ತಯಾರಿ ಇಲ್ಲದ ಹ್ಯಾಂಗ ಬರ್ಲಿ? ಈ ಮಾರಿ ಹೊತ್ತು ಅವರ ಮುಂದ ಕೂಡ್ಲೇನು?" ಎಂದಳು. ನಾನು ಅವಳ ಚಪ್ಪಲಿ ತಂದು ಅವಳ ಪಾದದ ಮುಂದೆ ಎಸೆದೆ. ಬಾತ ಕಾಲು ಅದರೊಳಗೆ ಹೋಗಲಿಲ್ಲ. ನನ್ನ ಚಪ್ಪಲಿ ಹಾಕಿಸಿ ಕರೆದುಕೊಂಡು ಹೋದೆ, ನಾನು ಬರಿಗಾಲಲ್ಲಿ ನಡೆದೆ.

ಡಾಕ್ಟರರು ಅವಳನ್ನು ಕಂಡವರೇ ಎದ್ದು ನಿಂತರು. ಮೂತ್ರವನ್ನು ಗಾಜಿನ ನಳಿಗೆಯಲ್ಲಿ ಹಾಕಿ ಉರಿಯ ಮೇಲೆ ಹಿಡಿದರು. ಕಾಯುತ್ತಲೇ ಅದು ಒಡೆದ ಹಾಲಿನಂತೆ ಬೆಳ್ಳಗೆ ಗಟ್ಟಿಯಾಯಿತು. ಮೈಯೊಳಗೆ ಉಳಿಯಬೇಕಾದ ಸತ್ವ ಕಿಡ್ನಿಯಲ್ಲಿ ಸೋರಿ ಹೊರಗೆ ಹೋಗುತ್ತಿದೆ ಎಂದರು. ರಕ್ತ ತೆಗೆದರು. ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ಕಾದೆವು. ಆಮೇಲೆ ನನ್ನನ್ನು ಒಳಗೆ ಕರೆದು, "ಬರ್ರಿ ಬಾಯೀ, ನೀವೇ ನೋಡ್ರಿ" ಎಂದು ಸೂಕ್ಷ್ಮದರ್ಶಕದ ಮುಂದಿನ ಸ್ಟೂಲಿನ ಮೇಲೆ ಕೂರಿಸಿದರು.

ಮೊದಲು ನನ್ನದೇ ರೆಪ್ಪೆಗೂದಲು ಕಾಣಿಸಿತು. ಆಮೇಲೆ ನೇರಳೆ ಬಣ್ಣದ ಚುಕ್ಕೆಗಳು. ಅವುಗಳ ನಡುವೆ ಒಂದು ಕಣ, ಹೊಟ್ಟೆ ತುಂಬ ಒಂದೇ ದುಂಡನೆಯ ಮುದ್ದೆ ನುಂಗಿ, ತನ್ನ ತಿರುಳನ್ನು ಅಂಚಿಗೆ ಒತ್ತಿಕೊಂಡು ಕೂತಿತ್ತು. ಪಟ್ಟಿ ಸ್ವಲ್ಪ ಸರಿಸಿದರು, ಇನ್ನೊಂದು. ಮತ್ತೆ ಸರಿಸಿದರು, ಮತ್ತೊಂದು. ಇಷ್ಟು ದಿನ ಯಾರೂ ನಂಬದ ನನ್ನ ಮಾತೆಲ್ಲ ಅಲ್ಲಿ ಗಾಜಿನ ಮೇಲೆ ಸಾಲಾಗಿ ಕೂತಿತ್ತು. ನನಗೆ ಗೆದ್ದ ಸಂತೋಷವೇನೂ ಆಗಲಿಲ್ಲ, ಎದ್ದು ಯಾರಿಗಾದರೂ ಹೊಡೆಯಬೇಕು ಅನ್ನಿಸಿತು.

ಗುಳಿಗೆಯ ಕಥೆ ಹೇಳಿದೆ. ಡಾಕ್ಟರರು ಆಯಿಯನ್ನು ಒಳಗೆ ಕರೆಸಿದರು. "ಅಮ್ಮಾ, ನನಗ ಬ್ಯಾಸರ ಆಗ್ತದಂತ ಕಡೀ ವಾರ ಗುಳಗಿ ನುಂಗಿದ್ರಿ, ಅದು ತಿಳೀತು. ಆದ್ರ ಮೊದಲ ಮೂರು ವಾರ ಯಾಕ ಬಿಟ್ರಿ? ಏನು ತ್ರಾಸ ಆಗ್ತಿತ್ತು ಅದರಿಂದ?"

ಆಯಿ ತಲೆ ಎತ್ತದೆ, "ಮಾರಿ ತುಂಬಿ ಬರ್ತದಲ್ರೀ" ಎಂದಳು. "ಇವರಪ್ಪ ಹೋಗಿ ವರ್ಷ ತುಂಬಿದ್ದಿಲ್ಲ. ಗಲ್ಲ ಕೆಂಪ ಆಗ್ಯಾವ, ಮಾರಿ ದುಂಡಗ ಆಗ್ಯದ. ಇವರ ಕಾಕು ನಾಲ್ಕು ಮಂದಿ ಮುಂದ ಅಂದ್ಲು, ನಮ್ಮ ಅಕ್ಕಗ ಗಂಡ ಹೋದ ಮ್ಯಾಲೇ ಮೈ ಹತ್ತಿದ್ದು ಅಂತ. ಎಲ್ಲಾರೂ ನಕ್ರು. ನಾನೂ ನಕ್ಕೆ. ಗಂಡ ಹೋದಾಕಿ ಮಾರಿ ಹಂಗ ಇರಬಾರದ್ರೀ ಡಾಕ್ಟರ್."

ಅದಕ್ಕೆ ಡಾಕ್ಟರರ ಹತ್ತಿರ ಯಾವ ಪರೀಕ್ಷೆಯೂ ಇರಲಿಲ್ಲ. ಅವಳನ್ನು ದವಾಖಾನೆಯಲ್ಲಿ ಇರಿಸಿಕೊಂಡರು, ಗುಳಿಗೆ ಮೊದಲಿಗಿಂತ ಎಷ್ಟೋ ಹೆಚ್ಚಿಸಿದರು. ಕಿಡ್ನಿ ಉಳಿಯುತ್ತವೆಯೋ ಇಲ್ಲವೋ ಕೆಲವು ತಿಂಗಳು ಕಾದು ನೋಡಬೇಕು, ಇನ್ನು ಒಂದು ಹೊತ್ತು ತಪ್ಪಿದರೂ ತಮ್ಮ ಹತ್ತಿರ ಬರಬೇಡಿ ಎಂದು ನನಗೇ ಗದರಿಸಿದರು. ಯಾರ ತಪ್ಪಿಗೆ ಯಾರಿಗೆ ಬೈಗುಳ! ಆದರೆ ಆವತ್ತಿನಿಂದ ಆಯಿ ಬಾಯಿಗೆ ಹಾಕಿಕೊಂಡು ನೀರು ಕುಡಿದು ನಾಲಿಗೆ ತೋರಿಸುವವರೆಗೆ ನಾನು ಎದುರಿನಿಂದ ಏಳುತ್ತಿರಲಿಲ್ಲ. ಕಾಲಿನ ಬಾವು ಇಳಿಯಿತು. ಮುಖ ಮಾತ್ರ ಮೊದಲಿಗಿಂತ ಹೆಚ್ಚು ತುಂಬಿಕೊಂಡಿತು. ಅವಳು ಕಮಲಾಪುರದ ಮನೆಯಿಂದ ಹೊರಗೆ ಕಾಲಿಡುವುದನ್ನೇ ಬಿಟ್ಟಳು. ಹೊರಗೆ ಯಾರಾದರೂ ಕರೆದರೆ ಒಳಗಿನ ಕೋಣೆಗೆ ಸರಿಯುತ್ತಿದ್ದಳು.

ಹಾಗಿರುವಾಗ ಅಪ್ಪನ ತಿಥಿ ಬಂತು. ಗಂಡುಮಕ್ಕಳಿಲ್ಲದ್ದರಿಂದ ಅದನ್ನು ಕಾಕಾ ಮಾಡುತ್ತಿದ್ದರು. ಹೋಗದೆ ಇರುವಂತಿರಲಿಲ್ಲ. ತಿಥಿಯ ದಿನ ನಮ್ಮಲ್ಲಿ ಬ್ರಾಹ್ಮಣರ ಊಟ ಮುಗಿಯುವವರೆಗೆ ಮನೆಯವರು ಬಾಯಿಗೆ ಏನೂ ಹಾಕುವುದಿಲ್ಲ, ಅದು ಮುಗಿಯುವುದು ಇಳಿಹೊತ್ತಿಗೆ. ಆಯಿ ಬರಿಹೊಟ್ಟೆಯಲ್ಲಿ ಗುಳಿಗೆ ನುಂಗುವಂತಿಲ್ಲ. ಹಿಂದಿನ ದಿನದಿಂದಲೇ ನಾವಿಬ್ಬರೂ ಕಚ್ಚಾಡುತ್ತಿದ್ದೆವು. "ಅವರ ತಿಥಿ ದಿನ ನಾ ಮುಂಜಾನೆ ತಿನ್ಲೇನು? ಒಂದಿನ ಅಲ್ಲೇನು?" ಎಂಬುದು ಅವಳ ವಾದ. ಒಂದು ದಿನದಿಂದಲೇ ಎಲ್ಲ ಶುರುವಾಗುತ್ತದೆ, ಒಂದು ಸಲ ಬಿಟ್ಟವಳು ಮತ್ತೆ ಬಿಡುತ್ತಾಳೆ ಎಂಬ ಭಯ ನನ್ನದು. ಅದೇ ವಾರ ಡಾಕ್ಟರರು ಕಾಯಿಸಿ ನೋಡಿದಾಗ ಮೂತ್ರ ಇನ್ನೂ ಮಬ್ಬಾಗಿತ್ತು.

ಬೆಳಿಗ್ಗೆ ಕಾಕು ಮಡಿ ಉಟ್ಟು ಅಡುಗೆಗೆ ಕೂತಿದ್ದರು. ನಾನು ಬಾಗಿಲ ಹೊರಗೆ ನಿಂತು, "ಕಾಕು, ಆಯಿಗೆ ಏನರ ಸ್ವಲ್ಪ ಕೊಡ್ರಿ, ಅಕಿ ಗುಳಗಿ ತಗೋಬೇಕು" ಎಂದೆ. ಕಾಕು ತಿರುಗಿ ಮೊದಲು ನನ್ನನ್ನು, ಆಮೇಲೆ ನನ್ನ ಹಿಂದೆ ನಿಂತ ಆಯಿಯನ್ನು ನೋಡಿದರು. "ತಿಥಿ ದಿವಸ? ಛೀ ಛೀ. ಆ ಗುಳಗಿಯಿಂದನ ಅಲ್ಲೇನ ಅಕ್ಕನ ಮಾರಿ ಹಿಂಗ ಆಗಿದ್ದು? ಒಂದಿನ ಬಿಟ್ರ ಛೊಲೋನೇ ಆಗ್ತದ. ಮಂದಿ ಬರ್ತಾರ ಇವತ್ತು. ಅಕ್ಕಾ, ನೀವು ಒಳಗಿನ ಖೋಲಿಯೊಳಗ ಕೂಡ್ರಿ."

ನನ್ನ ತಲೆ ಕೆಟ್ಟಿತು. ಹೊರಗೆ ಪುರೋಹಿತರಿದ್ದಾರೆ ಎಂಬುದೂ ನೆನಪಿರಲಿಲ್ಲ. ನೀವು ಆಡಿದ ಒಂದು ಮಾತಿನಿಂದ ಇವಳು ತಿಂಗಳುಗಟ್ಟಲೆ ಔಷಧ ಬಿಟ್ಟಳು, ಕಿಡ್ನಿ ಕೆಡಿಸಿಕೊಂಡಳು, ಸಾಯುವುದರಲ್ಲಿದ್ದಳು ಎಂದು ಒಂದೇ ಉಸಿರಿಗೆ ಕೂಗಿದೆ. ಗಂಡ ಹೋದ ಮೇಲೆ ಮೈ ಹತ್ತಿತು ಅಂದಿರಲ್ಲ, ನಾಲ್ಕು ಮಂದಿಯ ಮುಂದೆ ಅಂದಿರಲ್ಲ ಎಂದೆ.

ಕಾಕುವಿನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಅವರ ಮುಖದಲ್ಲಿ ಕಪಟ ಇರಲಿಲ್ಲ, ಬರೀ ಆಶ್ಚರ್ಯವಿತ್ತು. "ನಾ? ನಾ ಎಂದ ಅಂದೆ? ಇಂಥಾ ಮಾತು ನಾ ಅಕ್ಕಗ ಅಂತೀನೇನು? ದೇವರಾಣಿ ನನಗ ನೆನಪಿಲ್ಲ." ನಿಜವಾಗಿಯೂ ನೆನಪಿರಲಿಲ್ಲ. ಹೇಳಿ, ನಕ್ಕು, ಮರೆತುಬಿಟ್ಟಿದ್ದರು. ಆಯಿ ಎಂದಿನಂತೆ, ಹೌದು, ನೀ ಏನೂ ಅಂದಿಲ್ಲ ಎಂದು ಆಕೆಯ ಮರ್ಯಾದೆ ಕಾಯುತ್ತಾಳೆ, ನಾನೇ ಹುಚ್ಚಿಯಾಗುತ್ತೇನೆ ಎಂದು ನನಗೆ ಖಾತ್ರಿಯಾಯಿತು. ಸಿಟ್ಟಿಗೆ ಕಣ್ಣಲ್ಲಿ ನೀರು ಬಂತು.

"ನನಗ ನೆನಪದ" ಎಂದಳು ಆಯಿ.

ದನಿ ಏರಿಸಿರಲಿಲ್ಲ. "ನೀ ಶ್ಯಾವಗಿ ಒಣಗ ಹಾಕ್ಲಿಕತ್ತಿದ್ದಿ. ನಾ ತಾಟು ಹಿಡಕೊಂಡು ನಿಂತಿದ್ದೆ. ಕೈ ಭಾಳ ನೋಯ್ತಿತ್ತು, ಆದ್ರೂ ಹಿಡಕೊಂಡಿದ್ದೆ. ಆವಾಗ ಅಂದಿ." ಆಯಿ ಬಾಗಿಲ ಹೊಸ್ತಿಲ ಮೇಲೆ ಮೆಲ್ಲಗೆ ಕೂತಳು. "ಪಾಯಸಕ್ಕ ಇಟ್ಟ ಹಾಲಿನಾಗ ಒಂದು ಲೋಟ ಕೊಡು."

"ಅಕ್ಕಾ, ಅದು ತಿಥಿ ಹಾಲು. ಇನ್ನೂ ಬ್ರಾಹ್ಮಣರಿಗೆ ಬಡಿಸಿಲ್ಲ."

"ಯಾರ ತಿಥಿ? ನನ್ನ ಗಂಡಂದಲ್ಲೇನು? ಅವರ ಪಾಲಿಂದು ಕೊಡು. ನಾ ಸತ್ರ ಅವರಿಗೆ ಛೊಲೊ ಅನಸ್ತದೇನು?"

ಕಾಕು ಎದ್ದು ಹಾಲು ಸುರುವಿ, ಲೋಟವನ್ನು ಹೊಸ್ತಿಲ ಈಚೆ ಇಟ್ಟರು. ನಾನು ಗುಳಿಗೆ ಕೊಟ್ಟೆ. ಆಯಿ ಕಾಕುವಿನ ಮುಖ ನೋಡುತ್ತಲೇ ಒಂದೊಂದಾಗಿ ನುಂಗಿದಳು, ಹಾಲು ಪೂರ್ತಿ ಕುಡಿದಳು. ಆಮೇಲೆ ಒಳಗಿನ ಕೋಣೆಗೆ ಹೋಗದೆ, ಆ ತುಂಬಿದ ಮುಖವನ್ನು ಹೊತ್ತುಕೊಂಡು ನೇರ ಪಡಸಾಲೆಗೆ ಹೋಗಿ ಬಂದವರ ನಡುವೆ ಕೂತಳು.